ಉತ್ತರ ಬಾರದಿದ್ದಾಗ ಏನು ಮಾಡಬೇಕು: ಎಪಿಐ ಎಂಬ ಕರಾರು

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿಯಲ್ಲಿ ಫೋನ್‌ಪೇ ಇರುವವರೂ ಗೂಗಲ್ ಪೇ ಇರುವವರೂ ಒಂದೇ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ. ಅಂಗಡಿಯವರ ಖಾತೆ ಯಾವ ಬ್ಯಾಂಕಿನಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಯುಪಿಐಯನ್ನು ಜಾರಿಗೆ ತಂದಾಗ, ಹಣದ ಕೋರಿಕೆ ಯಾವ ರೂಪದಲ್ಲಿರಬೇಕು, ಅದಕ್ಕೆ ಎಂಥ ಉತ್ತರ ಬರಬೇಕು ಎಂಬುದನ್ನು ಎಲ್ಲ ಬ್ಯಾಂಕುಗಳಿಗೂ ಒಂದೇ ರೀತಿ ಗೊತ್ತುಪಡಿಸಿದ್ದರಿಂದ ಇದು ಸಾಧ್ಯವಾಯಿತು. ಒಂದು ತಂತ್ರಾಂಶವು ಇನ್ನೊಂದನ್ನು ಏನು ಕೇಳಬಹುದು, ಹೇಗೆ ಕೇಳಬೇಕು, ಏನು ಉತ್ತರ ಸಿಗುತ್ತದೆ ಎಂದು ಮೊದಲೇ ಬರೆದಿಟ್ಟ ಇಂಥ ಕರಾರೇ ಅಪ್ಲಿಕೇಶನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್, ಅಂದರೆ ಎಪಿಐ. ನಾಳೆ ಬ್ಯಾಂಕು ತನ್ನ ಒಳಗಿನ ಕಂಪ್ಯೂಟರುಗಳನ್ನೆಲ್ಲ ಬದಲಿಸಿದರೂ ಕರಾರು ಹಾಗೆಯೇ ಉಳಿದರೆ ಹೂವಿನ ಅಂಗಡಿಯವರಿಗೆ ಅದರ ಸುಳಿವೂ ಸಿಗದು.

ನನ್ನ ವೃತ್ತಿಯಲ್ಲಿ ಕಂಡಂತೆ, ಕೋರಿಕೆ ಕಳುಹಿಸುವುದನ್ನು ಹೊಸಬರು ಬೇಗ ಕಲಿಯುತ್ತಾರೆ. ಎಡವುವುದು ಉತ್ತರ ಬಾರದಿದ್ದಾಗ. ಮಂಡ್ಯದ ಕಡೆಯ ಹಾಲು ಉತ್ಪಾದಕರ ಸಂಘವೊಂದರ ತಂತ್ರಾಂಶವು ಬಟವಾಡೆಯ ದಿನ ಸದಸ್ಯರೊಬ್ಬರ ಖಾತೆಗೆ 4,000 ರೂಪಾಯಿ ಹಾಕುವಂತೆ ಬ್ಯಾಂಕಿನ ಎಪಿಐಯನ್ನು ಕೋರಿತೆನ್ನೋಣ. ಅಷ್ಟರಲ್ಲಿ ಸಂಪರ್ಕ ಕಡಿಯಿತು. ಕೋರಿಕೆಯೇ ತಲುಪದೆ ಇರಬಹುದು. ತಲುಪಿ, ಹಣವೂ ಜಮೆಯಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಲೂಬಹುದು. ಸಂಘದ ಕಡೆಯಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಮತ್ತೆ ಕಳುಹಿಸಿದರೆ ಎರಡು ಸಲ ಜಮೆಯಾದೀತು, ಸುಮ್ಮನಿದ್ದರೆ ರೈತನಿಗೆ ಹಣವೇ ಸೇರದೆ ಹೋದೀತು. ಆದ್ದರಿಂದ ಪ್ರತಿ ಪಾವತಿಗೂ ಸಂಘವೇ ಒಂದು ಪ್ರತ್ಯೇಕ ಗುರುತು ಸಂಖ್ಯೆ ಕೊಟ್ಟು, ಮರಳಿ ಕಳುಹಿಸುವಾಗಲೂ ಅದನ್ನೇ ಬಳಸಬೇಕು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಬ್ಯಾಂಕು ಹೊಸದಾಗಿ ಹಣ ಹಾಕದೆ ಹಿಂದಿನ ಉತ್ತರವನ್ನೇ ಕೊಡಬೇಕು. ಎಪಿಐಯ ದಾಖಲೆಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ, ಅದರ ಜಾಹೀರಾತು ಎಷ್ಟೇ ಚೆಂದವಿರಲಿ, ಹಣದ ಕೆಲಸಕ್ಕೆ ನಾನು ಅದನ್ನು ಒಪ್ಪುವುದಿಲ್ಲ.

ಉತ್ತರ ಬಂದಾಗಲೂ ಅದನ್ನು ಓದಬೇಕು. ವೆಬ್ ಎಪಿಐಗಳು ಉತ್ತರದೊಡನೆ ಕಳುಹಿಸುವ ಎಚ್‌ಟಿಟಿಪಿ (ವೆಬ್‌ನಲ್ಲಿ ಕೋರಿಕೆ-ಉತ್ತರಗಳ ನಿಯಮಾವಳಿ) ಸಂಖ್ಯೆಗಳಲ್ಲಿ 400 ಎಂದರೆ ಕೋರಿಕೆಯಲ್ಲೇ ದೋಷವಿದೆ, ಅದನ್ನು ತಿದ್ದದೆ ಮತ್ತೆ ಕಳುಹಿಸಿ ಫಲವಿಲ್ಲ. 429 ಎಂದರೆ ಮಿತಿ ಮೀರಿ ಕೇಳುತ್ತಿದ್ದೀರಿ, ಸ್ವಲ್ಪ ತಡೆಯಿರಿ. 503 ಎಂದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ. ಮೂರನ್ನೂ ಬರಿಯ ‘ಎರರ್’ ಎಂದು ಬಗೆದು ಬಿಡುವಿಲ್ಲದೆ ಕೋರಿಕೆ ಸುರಿಸುವ ತಂತ್ರಾಂಶವು ಮೊದಲೇ ಬಳಲಿದ ಸರ್ವರನ್ನು ಇನ್ನಷ್ಟು ಬಳಲಿಸುತ್ತದೆ.

ಎಪಿಐ ಕೊಡುವವರ ಹೊಣೆ ಇದಕ್ಕಿಂತ ದೊಡ್ಡದು. ಉತ್ತರದಲ್ಲಿ ಹೊಸ ಮಾಹಿತಿಯೊಂದನ್ನು ಸೇರಿಸಿದರೆ ಸಾಮಾನ್ಯವಾಗಿ ಯಾರಿಗೂ ತೊಂದರೆಯಾಗದು. ಆದರೆ ರೂಪಾಯಿಯಲ್ಲಿ ಬರುತ್ತಿದ್ದ ಮೊತ್ತವನ್ನು ಸದ್ದಿಲ್ಲದೆ ಪೈಸೆಗೆ ಬದಲಿಸಿದರೆ, ಬಳಸುವವರ ತಂತ್ರಾಂಶವು ಎಲ್ಲೂ ನಿಲ್ಲದೆ, ದೂರನ್ನೂ ಕೊಡದೆ, ನೂರು ಪಟ್ಟು ತಪ್ಪಾದ ಲೆಕ್ಕ ಬರೆಯುತ್ತಾ ಹೋಗುತ್ತದೆ. ಇಂಥ ಬದಲಾವಣೆಗೆ ಹೊಸ ಆವೃತ್ತಿಯನ್ನೇ ತೆರೆದು, ಹಳೆಯದನ್ನು ಗೊತ್ತುಪಡಿಸಿದ ದಿನದವರೆಗೆ ನಡೆಸಬೇಕು. ಆ ದಿನಕ್ಕೆ ಮುನ್ನ ಲಾಗ್‌ಗಳನ್ನು, ಅಂದರೆ ಬಂದ ಕೋರಿಕೆಗಳ ದಾಖಲೆಗಳನ್ನು, ನೋಡಿ, ಹಳೆಯ ಆವೃತ್ತಿಯನ್ನು ಇನ್ನೂ ಬಳಸುತ್ತಿರುವವರಿಗೆ ತಿಳಿಸಿದ ಮೇಲಷ್ಟೇ ಮುಚ್ಚಬೇಕು.