ಕಂಪ್ಯುಟೇಷನಲ್ ಫೋಟೋಗ್ರಫಿ ಅಂದರೇನು? ಪ್ರೊ ಮೋಡ್‌ಗೆ ಹೋದರೆ ಫೋಟೋ ಯಾಕೆ ಕೆಡುತ್ತದೆ?

ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ಅಂತ ಒಂದಿರುತ್ತದೆ. ಐಎಸ್ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿರಬೇಕು), ಶಟರ್ (ಎಷ್ಟು ಹೊತ್ತು ಬೆಳಕು ಒಳಗೆ ಬಿಡಬೇಕು), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣ ಹಳದಿಗೋ ನೀಲಿಗೋ ಎಷ್ಟು ವಾಲಬೇಕು) ಎಲ್ಲವನ್ನೂ ನಾವೇ ಹಿಂದೆಮುಂದೆ ಮಾಡಿಕೊಳ್ಳಬಹುದು. ಹೆಸರೇ ಪ್ರೊ, ಹಾಗಾದರೆ ಫೋಟೋನೂ ಇನ್ನಷ್ಟು ಚೆನ್ನಾಗಿ ಬರಬೇಕು ಅಲ್ವಾ? ರಾತ್ರಿ ಹೊತ್ತು ಒಂದೇ ಜಾಗದಲ್ಲಿ ನಿಂತು, ಎಲ್ಲವನ್ನೂ ಫೋನೇ ನೋಡಿಕೊಳ್ಳುವ ಆಟೋ ಮೋಡ್‌ನಲ್ಲಿ ಒಂದು, ಪ್ರೊದಲ್ಲಿ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಬಹುತೇಕ ಫೋನ್‌ಗಳಲ್ಲಿ ಆಟೋದ್ದೇ ಗೆಲ್ಲುತ್ತದೆ. ಪ್ರೊದಲ್ಲಿ ತೆಗೆದದ್ದರಲ್ಲಿ ನೆರಳಿರುವ ಕಡೆಯೆಲ್ಲ ಕಾಳುಕಾಳು, ಬೀದಿದೀಪದ ಸುತ್ತ ಬರೀ ಬಿಳಿ.

ನೀವು ಐಎಸ್ಓ ತಪ್ಪಾಗಿ ಇಟ್ಟಿದ್ದಕ್ಕೆ ಹೀಗಾಯಿತು ಅಂದುಕೊಳ್ಳಬೇಡಿ. ಆಟೋದಲ್ಲಿ ಫೋನ್ ತೆಗೆದದ್ದು ಒಂದು ಫೋಟೋ ಅಲ್ಲವೇ ಅಲ್ಲ. ಒಂದರ ಹಿಂದೆ ಒಂದರಂತೆ ಹಲವು ಫೋಟೋ ತೆಗೆದು, ಅವನ್ನೆಲ್ಲ ಸೇರಿಸಿ ಲೆಕ್ಕ ಹಾಕಿ, ಕೊನೆಗೆ ಒಂದನ್ನು ಕೈಗೆ ಕೊಟ್ಟಿದೆ. ಪ್ರೊದಲ್ಲಿ ಮಾತ್ರ, ಸಾಮಾನ್ಯವಾಗಿ, ನಿಜಕ್ಕೂ ಒಂದೇ ಒಂದು ತೆಗೆಯುತ್ತದೆ. ಲೆನ್ಸು, ಬೆಳಕನ್ನು ಹಿಡಿಯುವ ಚಿಪ್ಪಾದ ಸೆನ್ಸರು ಮಾಡಲಾಗದ್ದನ್ನು ಹೀಗೆ ಲೆಕ್ಕದಿಂದ ಮಾಡಿಸುವ ಈ ಕೆಲಸಕ್ಕೇ ಕಂಪ್ಯುಟೇಷನಲ್ ಫೋಟೋಗ್ರಫಿ ಅನ್ನುತ್ತಾರೆ. ನೈಟ್ ಮೋಡ್, ಬೆಳಕು ನೆರಳು ಎರಡರ ವಿವರವನ್ನೂ ಉಳಿಸುವ ಎಚ್‌ಡಿಆರ್, ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್, ಪನೋರಮಾ ಎಲ್ಲ ಇದೇ ಮನೆಯವು.

ಲೆಕ್ಕದ ಅಗತ್ಯ ಯಾಕೆ ಬಂತು ಅಂದರೆ, ಫೋನಿನ ಸೆನ್ಸರ್ ತುಂಬಾ ಚಿಕ್ಕದು. ಫುಲ್ ಫ್ರೇಮ್ ಅನ್ನುವ ದೊಡ್ಡ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ದುಬಾರಿ ಫೋನ್‌ಗಳ ಮುಖ್ಯ ಕ್ಯಾಮೆರಾದಲ್ಲೂ ಅದು ಸುಮಾರು 10 ಮಿ.ಮೀ. ಅಗಲ, ಏಳೂವರೆ ಮಿ.ಮೀ. ಎತ್ತರ. ಅಂದರೆ ಬೆಳಕು ಬೀಳುವ ಜಾಗ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಬೆಳಕು ಒಂದೇ ಸಮನೆ ಸುರಿಯುವುದೂ ಇಲ್ಲ, ಕಣಕಣವಾಗಿ ಹೆಚ್ಚುಕಡಿಮೆ ಆಗುತ್ತಾ ಬರುತ್ತದೆ. ಜಾಸ್ತಿ ಬೆಳಕಿದ್ದಾಗ ಈ ಏರುಪೇರು ಗೊತ್ತಾಗುವುದಿಲ್ಲ. ಕಡಿಮೆ ಬೆಳಕಲ್ಲಿ ಅದೇ ಕಾಳುಕಾಳಾಗಿ ಕಾಣುತ್ತದೆ, ಅದನ್ನೇ ನಾಯ್ಸ್ ಅನ್ನುವುದು. 200 ಮೆಗಾಪಿಕ್ಸೆಲ್ ಅಂತ ಡಬ್ಬಿಯ ಮೇಲೆ ಬರೆದರೂ ಇದು ಬದಲಾಗುವುದಿಲ್ಲ. ಅಷ್ಟೇ ಜಾಗವನ್ನು ಇನ್ನೂ ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ ಅಷ್ಟೇ, ಅದಕ್ಕೇ ಆ ಫೋನ್‌ಗಳು ಮಾಮೂಲಿ ಫೋಟೋ ತೆಗೆಯುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಮತ್ತೆ ಒಟ್ಟು ಮಾಡಿ 12ಕ್ಕೋ 50ಕ್ಕೋ ಇಳಿಸುತ್ತವೆ.

ಈಗ ಒಂದೇ ದೃಶ್ಯದ ಹಲವು ಫೋಟೋ ಇದ್ದರೆ ಏನು ಲಾಭ ನೋಡಿ. ಅಲ್ಲಾಡುವ ತಕ್ಕಡಿಯಲ್ಲಿ ಒಂದೇ ವಸ್ತುವನ್ನು ಮತ್ತೆ ಮತ್ತೆ ತೂಗಿ ಸರಾಸರಿ ತೆಗೆದರೆ ನಿಜವಾದ ತೂಕಕ್ಕೆ ಹತ್ತಿರ ಬರುತ್ತೇವಲ್ಲ, ಇಲ್ಲೂ ಅದೇ. ಗೋಡೆ ಪ್ರತಿ ಫೋಟೋದಲ್ಲೂ ಅದೇ ಗೋಡೆ, ಆದರೆ ಕಾಳುಗಳು ಪ್ರತಿ ಸಲ ಬೇರೆ ಬೇರೆ ಕಡೆ ಬಿದ್ದಿರುತ್ತವೆ. ಸರಾಸರಿ ಮಾಡಿದಾಗ ಗೋಡೆ ಉಳಿದು ಕಾಳು ಕರಗುತ್ತದೆ. ಎಷ್ಟು ಕರಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ, ಫೋಟೋಗಳ ಸಂಖ್ಯೆಯ ವರ್ಗಮೂಲದಷ್ಟು. 9 ಫೋಟೋ ಸೇರಿಸಿದರೆ ನಾಯ್ಸ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, 16 ಸೇರಿಸಿದರೆ ನಾಲ್ಕನೇ ಒಂದು ಭಾಗಕ್ಕೆ. ಕೈ ಅಲುಗಿರುತ್ತದೆ, ಹಾಗಾಗಿ ಮೊದಲು ಎಲ್ಲ ಫೋಟೋಗಳನ್ನು ಸಣ್ಣ ಸಣ್ಣ ಚೌಕಗಳಾಗಿ ನೋಡಿ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ನಿಜವಾದ ಕಷ್ಟ ಇರುವುದು ಇಲ್ಲಿ, ಸರಾಸರಿ ತೆಗೆಯುವುದರಲ್ಲಿ ಅಲ್ಲ.

ಹಲವು ಫೋಟೋ ಇರುವುದರಿಂದ ಇನ್ನೊಂದು ಜಾಣತನವೂ ಸಾಧ್ಯ. ಪ್ರತಿಯೊಂದನ್ನೂ ಬೇಕಂತಲೇ ಕತ್ತಲೆಯಾಗಿ ತೆಗೆಯುವುದು. ಆಗ ಆಕಾಶ, ದೀಪ, ಬಿಳಿ ಪಂಚೆ ಯಾವುದೂ ಸುಟ್ಟು ಬೆಳ್ಳಗಾಗುವುದಿಲ್ಲ. ನೆರಳಿನ ಭಾಗವನ್ನು ಆಮೇಲೆ ಬೆಳಗಿಸಿದರೂ ಕಾಳು ಏಳುವುದಿಲ್ಲ, ಯಾಕೆಂದರೆ ಸರಾಸರಿ ಮಾಡಿ ಅದನ್ನು ಮೊದಲೇ ಕರಗಿಸಿ ಆಗಿದೆ. ಗೂಗಲ್ ಫೋನ್‌ಗಳ ಕ್ಯಾಮೆರಾದ ಎಚ್‌ಡಿಆರ್ ಪ್ಲಸ್ ಶುರುವಿನಲ್ಲಿ ಕೆಲಸ ಮಾಡಿದ್ದು ಹೀಗೆ. 2016ರಲ್ಲಿ ಅದರ ಒಳಗುಟ್ಟನ್ನು ಗೂಗಲ್‌ನವರೇ ಒಂದು ಸಂಶೋಧನಾ ಪ್ರಬಂಧದಲ್ಲಿ ಬಿಚ್ಚಿಟ್ಟರು. ಆ ತಂಡದ ಮುಂದಾಳು ಮಾರ್ಕ್ ಲೆವೊಯ್ ಮೊದಲು ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದವರು. 2010ರಲ್ಲಿ ಅಲ್ಲಿನ ಅವರ ಗುಂಪು ಫ್ರಾಂಕನ್‌ಕ್ಯಾಮೆರಾ ಅಂತ ಒಂದನ್ನು ಮಾಡಿತ್ತು. ಕ್ಯಾಮೆರಾದ ಪ್ರತಿ ಫ್ರೇಮ್ (ಸಾಲಾಗಿ ತೆಗೆಯುವ ಫೋಟೋಗಳಲ್ಲಿ ಒಂದೊಂದು) ಹೇಗೆ ತೆಗೆಯಬೇಕು ಅನ್ನುವುದನ್ನು ಪ್ರೋಗ್ರಾಮ್ ಬರೆದು ಹೇಳುವ ವ್ಯವಸ್ಥೆ ಅದು, ನೋಕಿಯಾ ಎನ್900 ಫೋನಿನಲ್ಲೂ ಓಡುತ್ತಿತ್ತು. ಅಂದಹಾಗೆ ಒಂದಕ್ಕಿಂತ ಹೆಚ್ಚು ಚಿತ್ರ ಸೇರಿಸುವ ಆಲೋಚನೆ ಇನ್ನೂ ಹಳೆಯದು. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸುತ್ತಿದ್ದರು. ‘ಇದೆಲ್ಲ ಮೋಸ, ಹಿಂದೆ ಹೀಗಿರಲಿಲ್ಲ’ ಅನ್ನುವವರಿಗೆ ಇದನ್ನು ತೋರಿಸಬಹುದು.

2018ರಲ್ಲಿ ಗೂಗಲ್‌ನ ಪಿಕ್ಸೆಲ್ 3 ಫೋನಿನ ಜೊತೆ ಬಂದ ನೈಟ್ ಸೈಟ್ ಅನ್ನುವ ಮೋಡ್ ಫ್ರೇಮ್ ಸೇರಿಸುವ ಈ ಕೆಲಸವನ್ನೇ ಕತ್ತಲೆಗೆ ಹಿಗ್ಗಿಸಿತು, 15 ಫ್ರೇಮ್‌ಗಳವರೆಗೆ. ಮುಂದಿನ ವರ್ಷ ನಕ್ಷತ್ರಗಳಿಗೆ ಅಂತಲೇ ಒಂದು ಮೋಡ್ ಬಂತು. 16 ಸೆಕೆಂಡಿನವರೆಗಿನ 15 ಫ್ರೇಮ್, ಒಟ್ಟು ನಾಲ್ಕು ನಿಮಿಷ, ಫೋನನ್ನು ಕಲ್ಲಿಗೋ ಸ್ಟ್ಯಾಂಡಿಗೋ ಒರಗಿಸಿಟ್ಟು ಕಾಯಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮಾತ್ರ ಪಿಕ್ಸೆಲ್ 3ರದ್ದೇ ಝೂಮ್. ನಮ್ಮ ಕೈ ಎಷ್ಟೇ ಗಟ್ಟಿಯಾಗಿ ಹಿಡಿದರೂ ಕೂದಲೆಳೆಯಷ್ಟು ನಡುಗುತ್ತದೆ. ಆ ನಡುಕದಿಂದ ಪ್ರತಿ ಫ್ರೇಮ್ ಒಂದು ಪಿಕ್ಸೆಲ್‌ಗಿಂತ ಕಡಿಮೆ ಜರುಗಿರುತ್ತದೆ. ಎರಡು ಪಿಕ್ಸೆಲ್ ನಡುವೆ ಏನಿತ್ತು ಅನ್ನುವ ಮಾಹಿತಿ ಆ ಜರುಗಿನಲ್ಲಿ ಸಿಗುತ್ತದೆ, ಅದನ್ನು ಸೇರಿಸಿ ಹೆಚ್ಚು ವಿವರದ ಚಿತ್ರ ಕಟ್ಟುತ್ತಾರೆ. ಫೋನನ್ನು ಟ್ರೈಪಾಡ್ ಮೇಲೆ ಇಟ್ಟು ನಡುಕವೇ ಇಲ್ಲದಂತೆ ಮಾಡಿದರೆ, ಲೆನ್ಸನ್ನು ಫೋನೇ ಒಂಚೂರು ಅಲುಗಿಸಿಕೊಳ್ಳುತ್ತದೆ!

ಹಾಗಾದರೆ ಮ್ಯಾನುಯಲ್ ಕಂಟ್ರೋಲ್ ಯಾಕೆ ಬೇಕು, ಸುಮ್ನೆ ಆಟೋದಲ್ಲೇ ಇರಬಹುದಲ್ಲ? ಬಹಳಷ್ಟು ಸಲ ಹೌದು. ಆದರೆ ಫೋನಿಗೆ ಎದುರಿಗಿರುವುದು ಏನು ಅಂತ ಅಂದಾಜಿದೆಯೇ ಹೊರತು, ನಿಮಗೆ ಏನು ಬೇಕು ಅಂತ ಗೊತ್ತಿಲ್ಲ.

ರಾತ್ರಿ ಯಕ್ಷಗಾನ ತೆಗೆದುಕೊಳ್ಳಿ. ವೇಷಧಾರಿ ದಿಗಿಣ ಹೊಡೆಯುತ್ತಿದ್ದಾರೆ. ಆಟೋದಲ್ಲಿ ಫೋನ್ ಹಲವು ಫ್ರೇಮ್ ತೆಗೆಯುತ್ತದೆ, ಹಿಂದಿನ ಪರದೆ ಎಲ್ಲದರಲ್ಲೂ ಒಂದೇ ಕಡೆ ಇದೆ, ಚೆನ್ನಾಗಿ ಸರಾಸರಿಯಾಗಿ ನುಣ್ಣಗೆ ಬರುತ್ತದೆ. ಆದರೆ ವೇಷಧಾರಿ ಒಂದೊಂದು ಫ್ರೇಮಿನಲ್ಲೂ ಬೇರೆ ಕಡೆ ಇದ್ದಾರೆ. ಒಳ್ಳೆಯ ಸಾಫ್ಟ್‌ವೇರ್ ಆದರೆ ಇದನ್ನು ಗುರುತಿಸಿ ಆ ಭಾಗಕ್ಕೆ ಒಂದೇ ಫ್ರೇಮ್ ಬಳಸುತ್ತದೆ, ಹಾಗಾಗಿ ಪರದೆ ನುಣ್ಣಗೆ, ಯಾರನ್ನು ನೋಡಲು ಹೋದೆವೋ ಅವರು ಕಾಳುಕಾಳು. ಸಾಫ್ಟ್‌ವೇರ್ ಸುಮಾರಾಗಿದ್ದರೆ ಒಂದು ಕೈಗೆ ಎರಡು ನೆರಳು. ಜೊತೆಗೆ ಬೆಳಕು ಕಡಿಮೆ ಅಂತ ಫೋನ್ ಶಟರನ್ನು ಜಾಸ್ತಿ ಹೊತ್ತು ತೆರೆದಿಟ್ಟಿದ್ದರೆ ಮುಖವೇ ಕಲಸಿಹೋಗಿರುತ್ತದೆ. ಇಂಥ ಕಡೆ ಶಟರ್ 1/250 ಸೆಕೆಂಡಿಗೆ ಇಟ್ಟು, ಐಎಸ್ಓ ಎಷ್ಟಕ್ಕೆ ಏರುತ್ತದೋ ಏರಲಿ ಅಂತ ಬಿಡಬೇಕು. ಕಾಳು ಬಂದರೂ ಮುದ್ರೆ, ಕಣ್ಣು ಸಿಗುತ್ತವೆ.

ಫೋಟೋಗೆ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ? ಅದು ಕರೆಂಟಿನದ್ದು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟ್‌ಗಳ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಒಂದು ಸಾಲಿಗೆ ಬೆಳಕು, ಇನ್ನೊಂದಕ್ಕೆ ಕತ್ತಲೆ ಸಿಗುತ್ತದೆ. ಶಟರ್ 1/100 ಅಥವಾ 1/50 ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಏರಿಳಿತ ಸಿಕ್ಕಿ ಪಟ್ಟೆ ಮಾಯ. 60 ಹರ್ಟ್ಸ್ ಇರುವ ಅಮೆರಿಕದಲ್ಲಿ ಇರುವವರು 1/120 ಅಥವಾ 1/60 ಇಡಬೇಕು.

ಇನ್ನು ವೈಟ್ ಬ್ಯಾಲೆನ್ಸ್. ನನ್ನ ಪ್ರಕಾರ ಫೋನಿನಲ್ಲಿ ಎಲ್ಲರೂ ಮರೆಯುವ, ಆದರೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸೆಟ್ಟಿಂಗ್ ಇದು. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಎಣ್ಣೆ ದೀಪದ್ದು ಸುಮಾರು 2000, ಹಳೆಯ ಬಲ್ಬಿನದ್ದು 2700ರ ಆಸುಪಾಸು, ನಡುಹಗಲಿನದ್ದು 5500. ಆಟೋ ಮೋಡ್ ಎಲ್ಲ ಬೆಳಕನ್ನೂ ಬಿಳಿಗೆ ಎಳೆಯಲು ನೋಡುತ್ತದೆ. ದೀಪಾವಳಿಯಲ್ಲಿ ಸಾಲು ಹಣತೆ ಹಚ್ಚಿ ತೆಗೆದ ಫೋಟೋ ಟ್ಯೂಬ್‌ಲೈಟ್ ಕೆಳಗೆ ತೆಗೆದಂತೆ ಬರುವುದು ಇದರಿಂದಲೇ. ನೀವು ಇಡುವ ಸಂಖ್ಯೆ ನಿಜವಾದ ಬೆಳಕಿನದಕ್ಕಿಂತ ಹೆಚ್ಚಿದ್ದಷ್ಟೂ ಫೋಟೋ ಹಳದಿಯತ್ತ ವಾಲುತ್ತದೆ. ಕೈಯಾರೆ 3200ರ ಸುತ್ತ ಇಟ್ಟು ನೋಡಿ, ದೀಪದ ಹಳದಿ ಉಳಿಯುತ್ತದೆ. 5500ಕ್ಕೆ ಒಯ್ದರೆ ಕಿತ್ತಳೆ ಬಣ್ಣ ಮಿತಿಮೀರುತ್ತದೆ.

ಫೋಕಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಿಟಕಿಯ ಸರಳು, ಮಳೆಹನಿ ಬಿದ್ದ ಗಾಜು, ನಕ್ಷತ್ರ ಇಂಥ ಕಡೆ ಕೈಯಲ್ಲಿ ಇಟ್ಟುಕೊಳ್ಳಿ, ಉಳಿದಂತೆ ಫೋನಿಗೇ ಬಿಡಿ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿ, ಅಂತೂ ಬಹುತೇಕ ಫೋನ್‌ಗಳಲ್ಲಿ ಬದಲಾಗುವುದೇ ಇಲ್ಲ. 2018ರ ಗ್ಯಾಲಕ್ಸಿ ಎಸ್9ನಂಥ ಕೆಲವೇ ಫೋನ್‌ಗಳಲ್ಲಿ ನಿಜವಾಗಿಯೂ ತೆರೆದು ಮುಚ್ಚುವ ಅಪರ್ಚರ್ ಇತ್ತು. ಪೋರ್ಟ್ರೇಟ್ ಮೋಡ್‌ನಲ್ಲಿ ಅಪರ್ಚರಿನ ಅಳತೆಯಂತೆ ‘ಎಫ್ 1.4’ ಅಂತ ತೋರಿಸಿ ಜಾರಿಸಲು ಬಿಡುತ್ತದಲ್ಲ, ಅದು ಲೆನ್ಸಿನದ್ದಲ್ಲ, ಮಸುಕನ್ನು ಲೆಕ್ಕದಿಂದ ಬಳಿಯುವ ಪ್ರಮಾಣ. ಮುಡಿದ ಮಲ್ಲಿಗೆಯ ಅಂಚು, ಕನ್ನಡಕದ ಕಡ್ಡಿ ಹಿನ್ನೆಲೆಯಲ್ಲಿ ಕರಗಿಹೋಗುವುದು ಅಲ್ಲೇ.

ಲೆಕ್ಕ ಎಲ್ಲಿಗೆ ನಿಲ್ಲಬೇಕು ಅನ್ನುವ ಜಗಳವೂ ಇದೆ. ಸರಾಸರಿ ತೆಗೆಯುವುದು ಒಂದು, ಸೆನ್ಸರ್ ಕಾಣದೇ ಇದ್ದದ್ದನ್ನು ತುಂಬುವುದು ಇನ್ನೊಂದು. 2023ರಲ್ಲಿ ಒಬ್ಬರು ಚಂದ್ರನ ಚಿತ್ರವೊಂದನ್ನು ಬೇಕಂತಲೇ ಮಸುಕು ಮಾಡಿ ಕಂಪ್ಯೂಟರ್ ಪರದೆ ಮೇಲಿಟ್ಟು, ಕತ್ತಲೆ ಕೋಣೆಯಲ್ಲಿ ಸ್ಯಾಮ್‌ಸಂಗ್ ಫೋನಿನಿಂದ ಫೋಟೋ ತೆಗೆದರು. ಪರದೆಯ ಮೇಲೆ ಇಲ್ಲದ ಕುಳಿಗಳೆಲ್ಲ ಫೋಟೋದಲ್ಲಿ ಬಂದವು. ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ಎಐ ಇದೆ ಅಂತ ಕಂಪನಿಯೂ ವಿವರಿಸಿತು. ಹಲವು ಫ್ರೇಮ್ ಸೇರಿಸುವುದರಲ್ಲಿ ನನಗೆ ತಕರಾರಿಲ್ಲ, ಅದು ಎದುರಿಗಿದ್ದ ಬೆಳಕೇ. ಇದು ಹಾಗಲ್ಲ. ಲೆಕ್ಕಕ್ಕೇ ಪೂರ್ತಿ ಬೆನ್ನು ತಿರುಗಿಸಿದವರೂ ಇದ್ದಾರೆ. ಐಫೋನಿನ ಹ್ಯಾಲೈಡ್ ಆ್ಯಪ್ 2024ರಲ್ಲಿ ಪ್ರೊಸೆಸ್ ಝೀರೋ ಅಂತ ತಂದಿತು. ಒಂದೇ ಫ್ರೇಮ್, ಎಐ ಇಲ್ಲ, ಕಾಳು ಬಂದರೆ ಬಂತು. ಹಗಲು ಬೆಳಕಲ್ಲಿ ಅದರ ಫೋಟೋ ನೋಡಲು ಹಿತ, ರಾತ್ರಿಗೆ ಅಲ್ಲ.

ಹಲವು ಫ್ರೇಮಿನ ಲಾಭವೂ ಬೇಕು, ಶಟರ್ ನನ್ನ ಕೈಯಲ್ಲೂ ಇರಬೇಕು ಅನ್ನುವವರಿಗೆ ಈಗ ಮೂರನೇ ದಾರಿ ಇದೆ. ಸ್ಯಾಮ್‌ಸಂಗ್ 2021ರಲ್ಲಿ ಎಕ್ಸ್‌ಪರ್ಟ್ ರಾ ಅನ್ನುವ ಆ್ಯಪ್ ಕೊಟ್ಟಿತು. ಕಂಟ್ರೋಲ್ ಎಲ್ಲ ನಿಮ್ಮದು, ಆದರೆ ಒಳಗೆ ಹಲವು ಫ್ರೇಮ್ ಸೇರಿಸಿ ರಾ ಫೈಲ್ ಮಾಡುತ್ತದೆ. ರಾ ಅಂದರೆ ಬಣ್ಣ, ಕಾಂಟ್ರಾಸ್ಟ್ ಇನ್ನೂ ಗಟ್ಟಿಯಾಗದ ಫೈಲ್, ಆಮೇಲೆ ಲೈಟ್‌ರೂಮ್‌ನಂಥ ಫೋಟೋ ತಿದ್ದುವ ಆ್ಯಪ್‌ನಲ್ಲಿ ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. 2020ರಲ್ಲಿ ಐಫೋನ್ 12 ಪ್ರೊ ಜೊತೆ ಬಂದ ಪ್ರೊರಾ ಕೂಡ ಹೀಗೆ ಸೇರಿಸಿದ ರಾ, ಆದರೆ ಆ್ಯಪಲ್‌ನ ಸ್ವಂತ ಕ್ಯಾಮೆರಾ ಆ್ಯಪ್‌ನಲ್ಲಿ ಶಟರ್ ಸ್ಪೀಡ್ ಮುಟ್ಟಲು ಬಿಡುವುದಿಲ್ಲ. ಗೂಗಲ್ ಬಿಟ್ಟು ಅಡೋಬಿಗೆ ಹೋದ ಅದೇ ಮಾರ್ಕ್ ಲೆವೊಯ್ ತಂಡ 2025ರ ಜೂನ್‌ನಲ್ಲಿ ಪ್ರಾಜೆಕ್ಟ್ ಇಂಡಿಗೋ ಅಂತ ಐಫೋನಿಗೆ ಉಚಿತ ಆ್ಯಪ್ ಬಿಟ್ಟಿತು. 32 ಫ್ರೇಮ್‌ಗಳವರೆಗೆ ಸೇರಿಸುತ್ತದೆ. ಫೋಕಸ್, ಐಎಸ್ಓ, ಶಟರ್, ವೈಟ್ ಬ್ಯಾಲೆನ್ಸ್ ಮಾತ್ರವಲ್ಲ, ಎಷ್ಟು ಫ್ರೇಮ್ ಸೇರಿಸಬೇಕು ಅನ್ನುವುದನ್ನೂ ನೀವೇ ಹೇಳಬಹುದು. ಮ್ಯಾನುಯಲ್ ಕಂಟ್ರೋಲ್ ಅನ್ನುವ ಮಾತಿಗೆ ಇದೇ ಸರಿಯಾದ ಅರ್ಥ ಅನ್ನಿಸುತ್ತದೆ ನನಗೆ. ಕತ್ತಲೆಗೆ ಫ್ರೇಮ್ ಜಾಸ್ತಿ, ಓಡುವ ಮಗುವಿಗೆ ಕಡಿಮೆ. ಬಣ್ಣವೂ ಫೋನಿನ ಮಾಮೂಲಿ ಫೋಟೋದಷ್ಟು ಗಾಢ ಅಲ್ಲ, ನೆರಳನ್ನು ನೆರಳಾಗಿಯೇ ಬಿಡುತ್ತದೆ.

ಬೆಲೆ ಕಾಲದಲ್ಲಿ ಕೊಡಬೇಕು. ಅಷ್ಟು ಫ್ರೇಮ್ ಸೇರಿಸಲು ಇಂಡಿಗೋ ಪ್ರತಿ ಫೋಟೋಗೆ ಕೆಲವು ಸೆಕೆಂಡ್ ತೆಗೆದುಕೊಳ್ಳುತ್ತದೆ, ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ರಾ ಫೈಲ್‌ಗಳೂ ದೊಡ್ಡವು. 12 ಮೆಗಾಪಿಕ್ಸೆಲ್ ಪ್ರೊರಾ ಒಂದಕ್ಕೆ 25 ಎಂಬಿ ಆಸುಪಾಸು, 48ರದ್ದಾದರೆ 75ರ ಸುತ್ತ. ಮದುವೆ ಮನೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಇವನ್ನೆಲ್ಲ ತೆರೆಯಬೇಡಿ, ಫೋನಿನ ಸ್ವಂತ ಆ್ಯಪೇ ಸರಿ. ಅದು ನೀವು ಬಟನ್ ಒತ್ತುವ ಮೊದಲೇ ಫ್ರೇಮ್‌ಗಳನ್ನು ಕೂಡಿಟ್ಟುಕೊಂಡಿರುತ್ತದೆ.

ನಿಮ್ಮ ಫೋನಿನ ಪ್ರೊ ಮೋಡ್ ಯಾವ ಜಾತಿಯದ್ದು ಅಂತ ತಿಳಿಯಲು, ಸಂಜೆ ಮನೆಯೊಳಗೆ ಫೋನನ್ನು ಗೋಡೆಗೆ ಒರಗಿಸಿ ಮೊದಲು ಆಟೋದಲ್ಲಿ ಒಂದು ತೆಗೆಯಿರಿ. ಇನ್ಫೋ ಒತ್ತಿ ಆಟೋದ ಐಎಸ್ಓ, ಶಟರ್ ನೋಡಿ, ಅದನ್ನೇ ಪ್ರೊದಲ್ಲಿ ಇಟ್ಟು ಇನ್ನೊಂದು ತೆಗೆಯಿರಿ. ಕಪಾಟಿನ ಕೆಳಗಿನ ಕತ್ತಲೆ ಭಾಗವನ್ನು ಹಿಗ್ಗಿಸಿ ನೋಡಿ. ಎರಡೂ ಒಂದೇ ಥರ ಇದ್ದರೆ ಪ್ರೊದಲ್ಲೂ ಫ್ರೇಮ್ ಸೇರಿಸುತ್ತಿದೆ ಅಂತ. ಪ್ರೊದ್ದರಲ್ಲಿ ಮಾತ್ರ ಕಾಳು ಎದ್ದಿದ್ದರೆ ಒಂದೇ ಫ್ರೇಮ್. ಅಂಥ ಫೋನಿನಲ್ಲಿ ರಾತ್ರಿ ಪ್ರೊ ಮೋಡ್ ಬಳಸುವುದಾದರೆ ಟ್ರೈಪಾಡ್ ಇಟ್ಟು, ಐಎಸ್ಓ 50ಕ್ಕೋ 100ಕ್ಕೋ ಇಳಿಸಿ, ಶಟರನ್ನು ಎರಡು-ನಾಲ್ಕು ಸೆಕೆಂಡ್ ತೆರೆದಿಡಿ, ಮತ್ತು ಬಟನ್ ಒತ್ತುವಾಗ ಫೋನ್ ಅಲುಗದಂತೆ ಟೈಮರ್ ಹಾಕಿ.