35 ತುಂಬುವವರೆಗೆ ಬರೀ ಒಂದು ರೂಮು: ಬ್ರಿಟನ್ನಿನ ಬಾಡಿಗೆ ನೆರವು ಈ ಸ್ಥಿತಿಗೆ ಬಂದಿದ್ದು ಹೇಗೆ

ಬ್ರಿಟನ್ನಿನಲ್ಲಿ ಬಾಡಿಗೆ ಕಟ್ಟಲು ಕಷ್ಟವಾದವರಿಗೆ ಸರ್ಕಾರ ನೆರವು ಕೊಡುತ್ತದೆ. ಕೆಲಸ ಹೋದವರಿಗೆ ಮಾತ್ರ ಅಲ್ಲ, ಕೆಲಸ ಇದ್ದೂ ಸಂಬಳ ಸಾಲದವರಿಗೂ ಸಿಗುತ್ತದೆ. ಆದರೆ ನೀವು ಒಂಟಿ, ವಯಸ್ಸು 35 ಆಗಿಲ್ಲ, ಇರುವುದು ಖಾಸಗಿ ಓನರ್ ಮನೆಯಲ್ಲಿ ಅಂದರೆ ಲೆಕ್ಕವೇ ಬೇರೆ. ನೀವು ಎಂಥ ಮನೆಯಲ್ಲಿದ್ದರೂ ಸರಿ, ನೆರವು ಸಿಗುವುದು ನಾಲ್ಕಾರು ಜನ ಹಂಚಿಕೊಂಡ ಮನೆಯ ಒಂದು ರೂಮಿನ ಬಾಡಿಗೆಯಷ್ಟು ಮಾತ್ರ. ಇದಕ್ಕೆ ಅಲ್ಲಿ ಶೇರ್ಡ್ ಅಕಾಮಡೇಶನ್ ರೇಟ್ ಅನ್ನುತ್ತಾರೆ.

ಅಂಥ ಮನೆ ಹೇಗಿರುತ್ತದೆ ಅಂದರೆ, ನಮ್ಮ ಬೆಂಗಳೂರಿನ ಪಿಜಿಯಿಂದ ಊಟ ಮತ್ತು ಅಡುಗೆಯವರನ್ನು ತೆಗೆದುಬಿಟ್ಟ ಹಾಗೆ. ನಿಮ್ಮ ರೂಮಿಗೆ ನಿಮ್ಮದೇ ಬೀಗ. ಅಡುಗೆಮನೆ, ಬಚ್ಚಲುಮನೆ, ಟಾಯ್ಲೆಟ್ ಎಲ್ಲರಿಗೂ ಸೇರಿದ್ದು. ಫ್ರಿಜ್ಜಿನಲ್ಲಿ ಒಂದು ಅರೆ ನಿಮ್ಮದು, ಇನ್ನೊಂದು ಪಕ್ಕದ ರೂಮಿನವರದು. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಬೇಕಾದ ಇಂಥ ಮನೆಗಳಲ್ಲಿ ಒಬ್ಬರು ಮಲಗುವ ರೂಮು ಕನಿಷ್ಠ 6.51 ಚದರ ಮೀಟರ್ ಇರಬೇಕು ಅಂತ 2018ರಿಂದ ನಿಯಮ ಇದೆ. ಅಂದರೆ ಸುಮಾರು 70 ಚದರ ಅಡಿ. ಒಂದು ಮಂಚ, ಒಂದು ಬೀರು ಇಟ್ಟರೆ ಓಡಾಡಲು ಉಳಿಯುವ ಜಾಗ ಎಷ್ಟು ಅಂತ ನೀವೇ ಯೋಚಿಸಿ.

ಹಂಚಿಕೊಂಡೇ ಇರಬೇಕು ಅಂತ ಕಾನೂನು ಯಾರಿಗೂ ಹೇಳುವುದಿಲ್ಲ. ಒಂಟಿ ಮನೆಯಲ್ಲಿ ಇರಿ, ಮಿಕ್ಕಿದ್ದನ್ನು ಕೈಯಿಂದ ಕಟ್ಟಿ ಅನ್ನುತ್ತದೆ ಅಷ್ಟೇ. ಕೈಯಲ್ಲಿ ದುಡ್ಡಿಲ್ಲ ಅಂತಲೇ ನೆರವು ಕೇಳಲು ಬಂದವರಿಗೆ ಇದು ಅಪ್ಪಣೆಯೇ ಅಲ್ವಾ?

ಇದರ ಬೇರು ಇರುವುದು 1980ರ ದಶಕದಲ್ಲಿ. ಆಗ ಮಾರ್ಗರೆಟ್ ಥ್ಯಾಚರ್ ಸರ್ಕಾರ ಒಂದರ ಹಿಂದೆ ಒಂದು ಕೆಲಸ ಮಾಡಿತು. 1980ರಲ್ಲಿ ಕೌನ್ಸಿಲ್ ಮನೆಗಳಲ್ಲಿ, ಅಂದರೆ ಸ್ಥಳೀಯ ಆಡಳಿತದ ಮನೆಗಳಲ್ಲಿ, ಬಾಡಿಗೆಗೆ ಇದ್ದವರು ಅದೇ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳಬಹುದು ಎಂದಿತು. ಕೊಂಡವರಿಗೆ ಒಳ್ಳೆಯದೇ ಆಯಿತು, ಆದರೆ ಮಾರಿದಷ್ಟು ಮನೆ ಮತ್ತೆ ಕಟ್ಟಲಿಲ್ಲ. ಆಮೇಲೆ 1988ರ ವಸತಿ ಕಾನೂನು ಬಂತು. 1989ರ ಜನವರಿಯಿಂದ ಹೊಸದಾಗಿ ಬಾಡಿಗೆಗೆ ಕೊಡುವ ಖಾಸಗಿ ಮನೆಗಳ ಮೇಲಿದ್ದ ಬಾಡಿಗೆ ನಿಯಂತ್ರಣ ಹೋಯಿತು. ಬಾಡಿಗೆ ಏರಿದರೆ ಬಡವರು ಏನು ಮಾಡಬೇಕು ಅಂತ ಕೇಳಿದ್ದಕ್ಕೆ, ಆ ಭಾರವನ್ನು ಹೌಸಿಂಗ್ ಬೆನಿಫಿಟ್ ಅನ್ನುವ ಬಾಡಿಗೆ ನೆರವು ಹೊರುತ್ತದೆ ಅನ್ನುವ ಉತ್ತರ ಬಂತು. ಮಂತ್ರಿ ಜಾರ್ಜ್ ಯಂಗ್ 1991ರಲ್ಲಿ ಪಾರ್ಲಿಮೆಂಟಿನಲ್ಲೇ ಈ ಅರ್ಥದ ಮಾತು ಹೇಳಿದ್ದರು. ಅಂದರೆ ಮುಂದೆ ಇದರ ಖರ್ಚು ಏರುತ್ತದೆ ಅನ್ನುವುದು ಸರ್ಕಾರಕ್ಕೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಆರಿಸಿಕೊಂಡ ದಾರಿ ಅದು.

ವಯಸ್ಸಿನ ಗೆರೆಯೂ ಬಂದಿದ್ದು ಅದೇ ಹೊತ್ತಿಗೆ. 1988ರವರೆಗೆ ಬಡವರ ಭತ್ಯೆಯಲ್ಲಿ ನೋಡುತ್ತಿದ್ದುದು ನೀವು ಬೇರೆ ಮನೆ ಮಾಡಿಕೊಂಡಿದ್ದೀರಾ ಇಲ್ಲವಾ ಅನ್ನುವುದನ್ನು. ಆ ವರ್ಷ ಅದನ್ನು ಕಿತ್ತುಹಾಕಿ ವಯಸ್ಸು ತಂದರು. 25ರ ಒಳಗಿನ ಒಂಟಿ ಜನಕ್ಕೆ ಭತ್ಯೆ ಕಡಿಮೆ. ಆ ವಯಸ್ಸಿನವರು ಹೆಚ್ಚಾಗಿ ಅಪ್ಪ ಅಮ್ಮನ ಮನೆಯಲ್ಲೇ ಇರುತ್ತಾರೆ ಅನ್ನುವುದು ಆಗ ಕೊಟ್ಟ ಕಾರಣ. ಅಪ್ಪ ಅಮ್ಮ ಇಲ್ಲದವರು, ಇದ್ದೂ ಮನೆಗೆ ಹೋಗಲಾಗದವರು ಈ ಲೆಕ್ಕದಲ್ಲಿ ಬರಲೇ ಇಲ್ಲ.

1996ರ ಅಕ್ಟೋಬರ್‌ನಲ್ಲಿ ಆ 25ರ ಗೆರೆ ಬಾಡಿಗೆ ನೆರವಿಗೂ ಬಂತು. ಜಾನ್ ಮೇಜರ್ ಪ್ರಧಾನಿ, ಸಾಮಾಜಿಕ ಭದ್ರತಾ ಖಾತೆ ಪೀಟರ್ ಲಿಲ್ಲಿ ಕೈಯಲ್ಲಿತ್ತು. ಹೆಸರು ಸಿಂಗಲ್ ರೂಮ್ ರೆಂಟ್. 1997ರ ಅಕ್ಟೋಬರ್‌ನಿಂದ ಇದನ್ನು 60 ವರ್ಷದೊಳಗಿನ ಎಲ್ಲ ಒಂಟಿ ಜನಕ್ಕೂ ಹಾಕುವ ಯೋಜನೆ ತಯಾರಾಗಿತ್ತು. ಅಂದರೆ 58ರ ವಿಧವೆಯೂ ಅಪರಿಚಿತರ ಜೊತೆ ಅಡುಗೆಮನೆ ಹಂಚಿಕೊಳ್ಳಬೇಕಿತ್ತು. ಆ ವರ್ಷ ಮೇ ತಿಂಗಳಲ್ಲಿ ಲೇಬರ್ ಪಕ್ಷ ಗೆದ್ದು ಬಂದು ಆ ಯೋಜನೆಯನ್ನು ಬಿಟ್ಟಿತು. ಹಾಗಂತ 25ರ ಒಳಗಿನವರ ನಿಯಮ ಮಾತ್ರ ತೆಗೆಯಲಿಲ್ಲ. 13 ವರ್ಷ ಅಧಿಕಾರದಲ್ಲಿದ್ದರೂ ತೆಗೆಯಲಿಲ್ಲ. 2001ರಲ್ಲಿ ರೂಮಿನ ವ್ಯಾಖ್ಯೆ ಸ್ವಲ್ಪ ಸಡಿಲ ಮಾಡಿದರು, 2008ರಲ್ಲಿ ಖಾಸಗಿ ಮನೆಗಳ ನೆರವನ್ನು ಲೆಕ್ಕ ಹಾಕಲು ಲೋಕಲ್ ಹೌಸಿಂಗ್ ಅಲೋವೆನ್ಸ್ ಅನ್ನುವ ಹೊಸ ಪದ್ಧತಿ ತಂದರು, ಮಿಕ್ಕಿದ್ದು ಹಾಗೇ ಉಳಿಯಿತು.

ದೊಡ್ಡ ಏಟು ಬಿದ್ದಿದ್ದು 2010ರಲ್ಲಿ. ಬ್ಯಾಂಕುಗಳು ಕುಸಿದ ಮೇಲೆ ಖಜಾನೆ ಖಾಲಿ, ಹೌಸಿಂಗ್ ಬೆನಿಫಿಟ್ ಖರ್ಚು ವರ್ಷಕ್ಕೆ 20 ಬಿಲಿಯನ್ ಪೌಂಡ್ ಮುಟ್ಟಿತ್ತು. ಹೊಸ ಸರ್ಕಾರದ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಆ ಅಕ್ಟೋಬರ್‌ನಲ್ಲಿ 25ರ ಗೆರೆಯನ್ನು ಎತ್ತಿ 35ಕ್ಕೆ ಇಟ್ಟರು. 2012ರ ಏಪ್ರಿಲ್‌ಗೆ ಶುರು ಅಂದಿದ್ದನ್ನು ಆಮೇಲೆ ಜನವರಿಗೇ ತಂದರು. ಸುಮಾರು 62,500 ಜನಕ್ಕೆ ಏಟು ಬೀಳುತ್ತದೆ, ಸರಾಸರಿ ವಾರಕ್ಕೆ 41 ಪೌಂಡ್ ಕಡಿಮೆಯಾಗುತ್ತದೆ ಅಂತ ಸರ್ಕಾರವೇ ಅಂದಾಜು ಮಾಡಿತ್ತು. ಆಗ 25 ದಾಟಿದ ಒಂಟಿ ನಿರುದ್ಯೋಗಿಗೆ ಊಟ, ಕರೆಂಟು, ಬಸ್ಸು ಎಲ್ಲಕ್ಕೂ ಸೇರಿ ವಾರಕ್ಕೆ ಸಿಗುತ್ತಿದ್ದುದು 67.50 ಪೌಂಡ್. ಅದರಲ್ಲಿ 41 ಪೌಂಡ್ ಬಾಡಿಗೆಗೆ ಹೋದರೆ ಉಳಿಯುವುದು 26.50. ಏಳು ದಿನಕ್ಕೆ.

ಸರ್ಕಾರ ಮುಂದಿಟ್ಟ ವಾದ ಕೇಳಲು ಸರಿಯಾಗೇ ಇದೆ. ದುಡಿಯುವ ಹುಡುಗರು ಹುಡುಗಿಯರು ಸ್ವಂತ ಮನೆ ಮಾಡಲಾಗದೆ ಶೇರಿಂಗ್‌ನಲ್ಲಿ ಇರುವಾಗ, ಅವರ ತೆರಿಗೆ ದುಡ್ಡಿನಲ್ಲಿ ಬದುಕುವವರಿಗೆ ಒಂಟಿ ಮನೆ ಯಾಕೆ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಕಡೆಯಿಂದ ಅಲ್ಲಿಗೆ ಓದಲು ಹೋದ ಮಕ್ಕಳು ಇರುವುದೂ ಹೆಚ್ಚಾಗಿ ಇಂಥ ಹಂಚಿಕೊಂಡ ಮನೆಗಳಲ್ಲೇ. ಅವರ ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಅಂತಲೇ ಬರೆದಿರುತ್ತದೆ. ಅವರೂ ಕಷ್ಟಪಟ್ಟೇ ಇರುತ್ತಾರೆ. ಹಂಚಿಕೊಂಡು ಇರುವುದರಲ್ಲಿ ಅವಮಾನ ಏನೂ ಇಲ್ಲ.

ಆದರೆ ಸ್ನೇಹಿತರು ಸೇರಿ ಮನೆ ಹಿಡಿಯುವುದು ಬೇರೆ, ಯಾರೋ ಗೊತ್ತಿಲ್ಲದ ನಾಲ್ವರ ನಡುವೆ ಸಿಕ್ಕಿದ ರೂಮಿಗೆ ಹೋಗುವುದು ಬೇರೆ. ಓದುವ ಹುಡುಗನಿಗೆ ಅದು ಒಂದೆರಡು ವರ್ಷದ ಮಾತು, ಜೊತೆಯವರನ್ನು ಅವನೇ ಹುಡುಕಿಕೊಂಡಿರುತ್ತಾನೆ. 33ರಲ್ಲಿ ಕೆಲಸ ಕಳೆದುಕೊಂಡವಳು ಏಳೆಂಟು ವರ್ಷ ಬಾಡಿಗೆ ಕಟ್ಟಿಕೊಂಡು ಬಂದ ಮನೆಯನ್ನೇ ಬಿಡಬೇಕಾಗುತ್ತದೆ. ಹಳೆಯ ಹೌಸಿಂಗ್ ಬೆನಿಫಿಟ್‌ನಲ್ಲಿ ಇಂಥವರಿಗೆ 13 ವಾರ ಪೂರ್ತಿ ಬಾಡಿಗೆ ಸಿಗುತ್ತಿತ್ತು, ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಿಕೊಳ್ಳಬಹುದಿತ್ತು. ಅದರ ಜಾಗಕ್ಕೆ ಬಂದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆ 13 ವಾರ ಇಲ್ಲ. ಇನ್ನೊಂದು ವಿಷಯ, ನೆರವು ಪಡೆಯುವವರಲ್ಲಿ ಎಷ್ಟೋ ಜನ ದುಡಿಯುವವರೇ. ದುಡಿಯುವವರು ಒಂದು ಕಡೆ, ನೆರವು ಪಡೆಯುವವರು ಇನ್ನೊಂದು ಕಡೆ ಅಂತ ನಿಲ್ಲಿಸಿದ್ದೇ ತಪ್ಪು ಚಿತ್ರ.

ನನಗೆ ತುಂಬಾ ನೋವಾಗುವುದು ಬೇರೆಯಾದ ಅಪ್ಪಂದಿರ ವಿಷಯದಲ್ಲಿ. ಗಂಡ ಹೆಂಡತಿ ಬೇರೆಯಾದರು, ಮಗು ಅಮ್ಮನ ಜೊತೆ ಇದೆ, ವಾರದ ಕೊನೆಗೆ ಅಪ್ಪನ ಹತ್ತಿರ ಬರುತ್ತದೆ ಅಂದುಕೊಳ್ಳಿ. ನಿಯಮದ ಕಣ್ಣಿಗೆ ಆ ಅಪ್ಪ ಒಂಟಿ. ಅವನಿಗೆ ಒಂದು ರೂಮು. ಪಕ್ಕದ ರೂಮಿನಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ಲದ ಮನೆಗೆ ನಾಲ್ಕು ವರ್ಷದ ಮಗುವನ್ನು ರಾತ್ರಿ ಮಲಗಿಸಲು ಯಾವ ಅಪ್ಪ ಕರೆದುಕೊಂಡು ಬರುತ್ತಾನೆ? ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ರಾತ್ರಿ ಉಳಿಸಿಕೊಳ್ಳಲು ಓನರ್ ಒಪ್ಪುವುದೂ ಇಲ್ಲ. ಹೊಟ್ಟೆಯಲ್ಲಿ ಮಗು ಇರುವ ಒಂಟಿ ಹೆಂಗಸಿಗೂ ಹಾಗೇ, ಹೆರಿಗೆ ಆಗುವವರೆಗೆ ಅವಳ ಲೆಕ್ಕ ಒಂದು ರೂಮಿನದೇ.

ಈ ನಿಯಮ ಕೆಲವರಿಗೆ ಹೊಂದುವುದಿಲ್ಲ ಅಂತ ಸರ್ಕಾರಗಳಿಗೂ ಗೊತ್ತು, ವಿನಾಯಿತಿಗಳನ್ನು ನೋಡಿದರೆ ತಿಳಿಯುತ್ತದೆ. ಸರ್ಕಾರದ ಆಶ್ರಯದಲ್ಲಿ ಬೆಳೆದ ಮಕ್ಕಳಿಗೆ ಮೊದಲು 22ರವರೆಗೆ ವಿನಾಯಿತಿ ಇತ್ತು, 2021ರ ಜೂನ್‌ನಲ್ಲಿ ಅದನ್ನು 25ಕ್ಕೆ ಏರಿಸಿದರು. ಮನೆಯಿಲ್ಲದೆ ಹಾಸ್ಟೆಲ್‌ನಲ್ಲಿ ಮೂರು ತಿಂಗಳು ಇದ್ದವರಿಗೆ 25 ದಾಟಿದ್ದರೆ ಮಾತ್ರ ಇದ್ದ ವಿನಾಯಿತಿಯನ್ನು ಅದೇ ಸಲ ಚಿಕ್ಕವರಿಗೂ ಕೊಟ್ಟರು. ಮನೆಯೊಳಗಿನ ಹಿಂಸೆಯಿಂದ ಓಡಿ ಬಂದವರಿಗೆ, ಮಾನವ ಸಾಗಣೆಗೆ ಸಿಕ್ಕವರಿಗೆ ವಿನಾಯಿತಿ ಬಂದಿದ್ದು 2022ರ ಅಕ್ಟೋಬರ್‌ನಲ್ಲಿ. ಗಂಡನ ಹೊಡೆತ ತಿಂದು ಬಂದವಳನ್ನು ಅಪರಿಚಿತ ಗಂಡಸರಿರುವ ಮನೆಗೆ ಕಳಿಸಬಾರದು ಅಂತ ಅರ್ಥವಾಗಲು 1996ರಿಂದ 26 ವರ್ಷ ಬೇಕಾಯಿತು.

ನಡುವೆ ಇನ್ನೂ ಕಠಿಣವಾದ ಪ್ರಯತ್ನಗಳೂ ಆದವು. 25ರ ಒಳಗಿನವರಿಗೆ ಬಾಡಿಗೆ ನೆರವೇ ಬೇಡ ಎನ್ನುವ ಮಾತನ್ನು ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ 2012ರಲ್ಲಿ ಎತ್ತಿದ್ದರು. 2017ರ ಏಪ್ರಿಲ್‌ನಲ್ಲಿ 18ರಿಂದ 21ರವರಿಗೆ ಅದನ್ನು ಜಾರಿಗೂ ತಂದರು, ವರ್ಷ ಕಳೆಯುವುದರೊಳಗೆ ವಾಪಸ್ ತೆಗೆದುಕೊಳ್ಳುವುದಾಗಿ ಘೋಷಿಸಬೇಕಾಯಿತು. ಕೌನ್ಸಿಲ್ ಮನೆಗಳಿಗೂ ಒಂದು ರೂಮಿನ ಮಿತಿ ಹಾಕುತ್ತೇವೆ ಅಂತ 2015ರಲ್ಲಿ ಆಸ್ಬರ್ನ್ ಹೇಳಿದ್ದನ್ನು 2017ರಲ್ಲಿ ಪ್ರಧಾನಿ ಥೆರೇಸಾ ಮೇ ಕೈಬಿಟ್ಟರು.

ಇಷ್ಟೆಲ್ಲ ಚರ್ಚೆಯಲ್ಲಿ ಸುಮ್ನೆ ಮರೆತುಹೋಗುವ ಪ್ರಶ್ನೆ ಒಂದಿದೆ. ಆ ರೂಮುಗಳು ಎಲ್ಲಿವೆ? ಒಂದು ಪ್ರದೇಶದ ರೂಮು ಬಾಡಿಗೆಗಳನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿದರೆ, 2011ರವರೆಗೆ ಸರಿಯಾಗಿ ಮಧ್ಯದ ಬಾಡಿಗೆಯಷ್ಟು ನೆರವು ಇತ್ತು. ಆಮೇಲೆ ಅದನ್ನು ಕೆಳಗಿನಿಂದ ನೂರಕ್ಕೆ 30ನೇ ಬಾಡಿಗೆಗೆ ಇಳಿಸಿದರು. ಅಂದರೆ ಹತ್ತರಲ್ಲಿ ಮೂರು ರೂಮು ಮಾತ್ರ ಕೈಗೆಟುಕಬೇಕು. ಅದಾದರೂ ಉಳಿಯಿತಾ? 2016ರಿಂದ ನಾಲ್ಕು ವರ್ಷ ದರವನ್ನು ಏರಿಸದೆ ಇದ್ದಲ್ಲೇ ನಿಲ್ಲಿಸಿದರು. ಕೋವಿಡ್ ಬಂದಾಗ 2020ರಲ್ಲಿ ಏರಿಸಿದರು, ಮತ್ತೆ 2024ರವರೆಗೆ ನಿಲ್ಲಿಸಿದರು. 2024ರ ಏಪ್ರಿಲ್‌ನಲ್ಲಿ ಒಮ್ಮೆ ಏರಿಸಿ 2025ರಲ್ಲಿ ಮತ್ತೆ ಅಲ್ಲೇ ಬಿಟ್ಟರು. ಓನರ್‌ಗಳು ಬಾಡಿಗೆ ಏರಿಸುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಕಡೆ, ಮನೆಗಳನ್ನು ರೂಮು ರೂಮಾಗಿ ಒಡೆದು ಕೊಡುವುದು ಬೇಡ ಅಂತ ಬೀದಿಯವರು ತಕರಾರು ಮಾಡುತ್ತಾರೆ, ಅದಕ್ಕೆ ಎಷ್ಟೋ ಕೌನ್ಸಿಲ್‌ಗಳು ಯೋಜನಾ ಕಾನೂನಿನ ಅಡಿಯಲ್ಲಿ ತಡೆ ಹಾಕಿವೆ. ಹಂಚಿಕೊಂಡು ಇರಿ ಅನ್ನುವುದೂ ಸರ್ಕಾರಿ ಕಾಗದ, ಹಂಚಿಕೊಳ್ಳುವ ಮನೆ ಜಾಸ್ತಿ ಆಗಬಾರದು ಅನ್ನುವುದೂ ಸರ್ಕಾರಿ ಕಾಗದ. ಇರುವ ರೂಮುಗಳಿಗೂ ವಿದ್ಯಾರ್ಥಿಗಳು, ಕೆಲಸದವರು ಪೈಪೋಟಿಯಲ್ಲಿ ನಿಂತಿರುತ್ತಾರೆ. ಭತ್ಯೆ ಮೇಲಿರುವ ಹುಡುಗನನ್ನು ಬಿಟ್ಟು ಸಂಬಳದ ಚೀಟಿ ತೋರಿಸಿದವನನ್ನು ಓನರ್ ಆರಿಸಿಕೊಳ್ಳುವುದು ಹೊಸದೇನಲ್ಲ.

ಇದನ್ನೆಲ್ಲ ಜೋಡಿಸಿ ನೋಡಿದ ಮೇಲೆ ನನಗೆ ಅನಿಸುವುದು ಇಷ್ಟು. 25, 60, 35 ಅಂತ ಗೆರೆ ಓಡಾಡಿದ್ದು ಯುವಜನ ಹೇಗೆ ಬದುಕುತ್ತಾರೆ ಅಂತ ನೋಡಿ ಅಲ್ಲ, ಎಷ್ಟು ಉಳಿಸಬೇಕು ಅಂತ ನೋಡಿ. ಗೆರೆಯನ್ನು ಪೂರ್ತಿ ತೆಗೆಯಲು ದುಡ್ಡಿಲ್ಲ ಅನ್ನುವುದಾದರೆ ಕನಿಷ್ಠ 25ಕ್ಕೆ ವಾಪಸ್ ತರಲಿ. ವಾರದ ಕೊನೆಗೆ ಮಗು ಬರುವ ಅಪ್ಪ ಅಮ್ಮಂದಿರನ್ನು, ಬಸುರಿಯರನ್ನು ವಿನಾಯಿತಿಯ ಪಟ್ಟಿಗೆ ಸೇರಿಸಲಿ. ಕೆಲಸ ಹೋದವರಿಗೆ ಆ 13 ವಾರ ಮತ್ತೆ ಸಿಗಲಿ. ರೂಮಿನ ದರವನ್ನು ಪ್ರತಿ ವರ್ಷ ಆ ಊರಿನ ನಿಜವಾದ ಬಾಡಿಗೆಗೆ ಹೊಂದಿಸಲಿ.