ಪೀರಿಯಾಡಿಕ್ ಬೇರೆ, ಪರ್‌ಅಯೋಡಿಕ್ ಬೇರೆ

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ, ಇಲ್ಲಿ ವಿಜಯಪುರದಲ್ಲಿ ಪಿಯುಸಿಗೆ ಇಂಗ್ಲಿಷ್ ಪುಸ್ತಕ ಹಿಡಿದ ನಮ್ಮಂಥವರಿಗೆ ಈ ಟಿಪ್ಪಣಿ. ಪೀರಿಯಾಡಿಕ್ ಟೇಬಲ್ ಅಂದ್ರೆ ಆವರ್ತ ಕೋಷ್ಟಕ. ಆದರೆ ಅಯೋಡಿನ್ ಓದುವಾಗ ಅದೇ ಸ್ಪೆಲಿಂಗ್‌ನ ಒಂದು ಆಮ್ಲವೂ ಬರುತ್ತದೆ. ಇವೆರಡಕ್ಕೂ ಸಂಬಂಧವೇ ಇಲ್ಲ.

ಮೊದಲು ಅಯೋಡಿನ್. 1811ರಲ್ಲಿ ಫ್ರಾನ್ಸ್‌ನ ಕೂರ್ತ್ವಾ ಕಡಲಕಳೆಯ ಬೂದಿಯಿಂದ ಬಂದ ದ್ರಾವಣಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ನೇರಳೆ ಆವಿ ಎದ್ದಿತು. ಗ್ರೀಕಿನಲ್ಲಿ ನೇರಳೆ ಬಣ್ಣಕ್ಕಿರುವ ಪದದಿಂದಲೇ ಹೆಸರು ಬಂತು.

ಈಗ ಸಿಕ್ಕಿನ ಜಾಗ. ಎರಡೂ ಪದದಲ್ಲಿ ಅವೇ ಎಂಟು ಇಂಗ್ಲಿಷ್ ಅಕ್ಷರಗಳು: periodic. ಎಲ್ಲಿ ಕತ್ತರಿಸುತ್ತೇವೆ ಅನ್ನೋದೇ ಮುಖ್ಯ. ನಾಲ್ಕನೇ ಅಕ್ಷರ 'ಐ' ಎಡಕ್ಕೆ ಹೋದರೆ 'ಪೆರಿ' ಅಂದ್ರೆ ಸುತ್ತ, ಉಳಿದದ್ದು 'ಹೊಡೋಸ್' ಅಂದ್ರೆ ದಾರಿ. ಸುತ್ತಿ ಬರುವ ದಾರಿ, ವಾರದ ಸಂತೆಯ ಹಾಗೆ ಮತ್ತೆ ಮತ್ತೆ ಬರೋದು. ಅದೇ 'ಐ' ಬಲಕ್ಕೆ ಹೋದರೆ 'ಪರ್' ಮತ್ತು 'ಅಯೋಡಿಕ್'. ಇಲ್ಲಿ 'ಪರ್' ಲ್ಯಾಟಿನ್ ಮೂಲದ್ದು, ಪೂರ್ತಿಯಾಗಿ ಅಂತ ಅರ್ಥ. ಆಮ್ಲದ ಹೆಸರನ್ನು ಪರ್-ಅಯೋಡಿಕ್ ಅಂತ ಬಿಡಿಸಿಯೇ ಓದಿ.

'ಪರ್' ಯಾಕೆ ಬೇಕು? ಅಯೋಡಿಕ್ ಆಮ್ಲದಲ್ಲಿ ಒಂದು ಹೈಡ್ರೋಜನ್, ಒಂದು ಅಯೋಡಿನ್, ಮೂರು ಆಕ್ಸಿಜನ್. ಇವುಗಳ ಆಕ್ಸಿಡೇಶನ್ ಸಂಖ್ಯೆ (ಉತ್ಕರ್ಷಣ ಸಂಖ್ಯೆ) ಲೆಕ್ಕ ಹಾಕೋಣ: ಆಕ್ಸಿಜನ್ ಒಂದಕ್ಕೆ -2ರಂತೆ ಮೂರಕ್ಕೆ -6, ಹೈಡ್ರೋಜನ್‌ದು +1. ಒಟ್ಟು ಸೊನ್ನೆ ಆಗಬೇಕು, ಹಾಗಾಗಿ ಅಯೋಡಿನ್‌ದು +5. ಪರ್‌ಅಯೋಡಿಕ್‌ನಲ್ಲಿ ಆಕ್ಸಿಜನ್ ನಾಲ್ಕು, ಅಂದ್ರೆ -8. ಆಗ ಅಯೋಡಿನ್‌ದು +7. ಅದು ಏಳನ್ನು ದಾಟಲಾರದು, ಹೊರ ಕವಚದಲ್ಲಿ ಇರೋದೇ ಏಳು ಎಲೆಕ್ಟ್ರಾನ್ ಅಲ್ವಾ? ಪರ್‌ಕ್ಲೋರಿಕ್, ಪರ್ಮ್ಯಾಂಗನೇಟ್ ಎರಡರಲ್ಲೂ ಇದೇ +7. ನನಗೆ ತುಂಬಾ ಇಷ್ಟವಾದ ಶಾರ್ಟ್‌ಕಟ್ ಇದು: ಈ ಮೂರರಲ್ಲಿ 'ಪರ್' ಕಂಡರೆ ಏಳು. ಪೆರಾಕ್ಸೈಡ್‌ಗೆ ಮಾತ್ರ ಇದನ್ನು ಹಚ್ಚಬೇಡಿ. ಅಲ್ಲಿ ಆಕ್ಸಿಜನ್‌ಗೆ ಆಕ್ಸಿಜನ್ನೇ ಅಂಟಿರುತ್ತದೆ, ಅದರ ಸಂಖ್ಯೆ -1.

ಕೋಷ್ಟಕದಲ್ಲೂ ಅಯೋಡಿನ್‌ಗೆ ಒಂದು ವಿಶೇಷ ಇದೆ. ಅದರ ಪರಮಾಣು ತೂಕ 126.9, ಟೆಲುರಿಯಮ್‌ದು 127.6. ತೂಕವನ್ನೇ ನೋಡಿದರೆ ಅಯೋಡಿನ್ ಮೊದಲು ಬರಬೇಕು. ಮೆಂಡಲೀವ್ 1869ರಲ್ಲಿ ಗುಣಗಳನ್ನು ನೋಡಿ ಅದನ್ನು ಟೆಲುರಿಯಮ್ ನಂತರ, ಕ್ಲೋರಿನ್, ಬ್ರೋಮಿನ್ ಜೊತೆ ಇಟ್ಟರು. ಮುಂದೆ ಮೋಸ್ಲಿಯ ಎಕ್ಸ್-ರೇ ಪ್ರಯೋಗಗಳಿಂದ ಪರಮಾಣು ಸಂಖ್ಯೆಯೇ ಆಧಾರವಾಯಿತು. ಟೆಲುರಿಯಮ್ 52, ಅಯೋಡಿನ್ 53.